ಎಂಟೂಮುಕ್ಕಾಲು ಸಾವಿರ ಅಡಿ ಎತ್ತರದ ಬಯಲು ಸಂಗೀತ

ಟೆಲ್ಯುರೈಡ್ ಬ್ಲೂಗ್ರಾಸ್ ಉತ್ಸವ ನಡೆಯುವುದು ಅಮೆರಿಕದ ಕೊಲೊರಾಡೊ ರಾಜ್ಯದ ನೈಋತ್ಯ ಮೂಲೆಯಲ್ಲಿ, ಸ್ಯಾನ್ ಹ್ವಾನ್ ಪರ್ವತಗಳ ನಡುವಿನ ಒಂದು ಪುಟ್ಟ ಊರಿನಲ್ಲಿ. 1974ರಲ್ಲಿ ಶುರುವಾದ ಈ ಉತ್ಸವ ಪ್ರತಿ ಜೂನ್ ತಿಂಗಳಲ್ಲಿ, ಹಗಲು ಅತಿ ದೀರ್ಘವಾಗಿರುವ ದಿನಗಳ ಆಸುಪಾಸು, ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ಇರುತ್ತದೆ. ಟೆಲ್ಯುರೈಡ್ ಒಂದು ಕಾಲಕ್ಕೆ ಚಿನ್ನ, ಬೆಳ್ಳಿಯ ಗಣಿಗಳ ಊರು. ಮೂರು ಕಡೆ ಕಡಿದಾದ ಬಂಡೆಗೋಡೆ; ಊರಿನಿಂದ ಹೊರಬೀಳಲು ಪಶ್ಚಿಮಕ್ಕೆ ಒಂದೇ ಡಾಂಬರು ದಾರಿ. ಪೂರ್ವದ ತುದಿಯ ಟೌನ್ ಪಾರ್ಕ್ ಎಂಬ ಹುಲ್ಲುಬಯಲಿನಲ್ಲಿ ವೇದಿಕೆ. ಕೇಳುಗರಿಗೆ ಮೇಲೆ ಚಾವಣಿಯಿಲ್ಲ, ಕೆಳಗೆ ಬೆಂಚಿಲ್ಲ. ತಂದದ್ದನ್ನು ಹಾಸಿಕೊಂಡು ಕೂರಬೇಕು.

ಊರಿನ ಎತ್ತರ ಸಮುದ್ರಮಟ್ಟದಿಂದ 8,750 ಅಡಿ, ಅಂದರೆ 2,667 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಟೆಲ್ಯುರೈಡಿನ ಅಂಗಡಿಬೀದಿ ದೊಡ್ಡಬೆಟ್ಟದ ನೆತ್ತಿಗಿಂತ ಮೂವತ್ತು ಮೀಟರ್ ಮೇಲಿದೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಎಲ್ಲೆಡೆಯಂತೆ ಶೇಕಡ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡ 72ರಷ್ಟಕ್ಕೆ ಇಳಿದಿರುತ್ತದೆ. ಹಾಗಾಗಿ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕ ಕಾಲುಭಾಗಕ್ಕೂ ಮಿಕ್ಕಿ ಕಡಿಮೆ. ಉತ್ಸವಕ್ಕೆ ಹೋಗುವವರು ಟಿಕೆಟ್ಟು, ಕುರ್ಚಿ, ಮಳೆಯಂಗಿಗಳಿಗಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು. ಈ ಲೇಖಕ ತಂದುಕೊಳ್ಳಲಿಲ್ಲ. ಅದರ ಬೆಲೆಯನ್ನು ಅವನ ಹೆಂಡತಿ ತೆತ್ತಳು.

ಬ್ಲೂಗ್ರಾಸ್ ಹಳೆಯ ಜನಪದ ಸಂಗೀತದಂತೆ ಕೇಳಿಸಿದರೂ ಅದಕ್ಕೆ ನೂರು ವರ್ಷವೂ ಆಗಿಲ್ಲ. ಕೆಂಟಕಿಯ ರೋಸೀನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಕಟ್ಟಿದ ತಂಡದ ಹೆಸರು 'ಬ್ಲೂ ಗ್ರಾಸ್ ಬಾಯ್ಸ್'. ಸಂಗೀತಕ್ಕೆ ಆ ತಂಡದ ಹೆಸರೇ ಅಂಟಿಕೊಂಡಿತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣ ಆ ತಂಡ ಸೇರಿ, ಮೂರು ಬೆರಳಿನಿಂದ ಬ್ಯಾಂಜೊ ಮೀಟುವ ತನ್ನ ವೇಗದ ಶೈಲಿಯನ್ನು ತಂದ ಮೇಲೆ ಇಂದು ಕೇಳುವ ರೂಪ ಬಂತು. ಐದು ತಂತಿಯ ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಗಿಟಾರ್, ನಿಂತು ನುಡಿಸುವ ದೊಡ್ಡ ಬಾಸ್, ಕೆಲವು ತಂಡಗಳಲ್ಲಿ ಮಡಿಲಲ್ಲಿಟ್ಟು ನುಡಿಸುವ ಡೋಬ್ರೊ: ವಾದ್ಯಗಳು ಇಷ್ಟೇ. ಸಂಪ್ರದಾಯದ ತಂಡಗಳಲ್ಲಿ ಡ್ರಮ್ಮಿಲ್ಲ. ತಾಳದ ಎದುರುಪೆಟ್ಟನ್ನು ಮ್ಯಾಂಡೊಲಿನ್ನಿನ ಗಿಡ್ಡ, ಒಣ ಮೀಟೇ ಕೊಡುತ್ತದೆ. ಹಾಡುಗಾರ ಒಂದು ಚರಣ ಮುಗಿಸಿದೊಡನೆ ಒಬ್ಬ ವಾದ್ಯಗಾರ ಮೈಕಿನ ಮುಂದೆ ಬಂದು ರಾಗವನ್ನು ತನ್ನ ಕೈಗೆ ತೆಗೆದುಕೊಂಡು ನುಡಿಸಿ ಹಿಂದೆ ಸರಿಯುತ್ತಾನೆ, ಇನ್ನೊಬ್ಬ ಬರುತ್ತಾನೆ. ಕಛೇರಿಯಲ್ಲಿ ಪಲ್ಲವಿಯ ಎಡುಪಿಗೆ ಎಲ್ಲರೂ ಒಟ್ಟಿಗೆ ಬಂದು ಸೇರುವುದನ್ನು ಕಾಯುವ ಕಿವಿಗೆ ಈ ಏರ್ಪಾಡು ತಾನಾಗಿ ಹಿಡಿಸುತ್ತದೆ. ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಮತ್ತು ತಬಲಾದ ಜಾಕಿರ್ ಹುಸೇನ್, ಬಾಸ್‌ನ ಎಡ್ಗರ್ ಮೇಯರ್, ಕೊಳಲಿನ ರಾಕೇಶ್ ಚೌರಾಸಿಯಾ ಕೂಡಿ ಮಾಡಿದ 'ಆ್ಯಸ್ ವಿ ಸ್ಪೀಕ್' ಆಲ್ಬಮ್ಮಿಗೆ 2024ರಲ್ಲಿ ಗ್ರ್ಯಾಮಿ ಬಂದದ್ದು ಅನೇಕ ಭಾರತೀಯರನ್ನು ಈ ಕಡೆ ತಿರುಗಿಸಿತು. ಈ ಲೇಖಕ ಅದಕ್ಕೂ ಹಳಬ. ಹ್ಯೂಸ್ಟನ್ನಿಗೆ ಬಂದ ಮೊದಲ ವರ್ಷ, ಯಾರೂ ಪರಿಚಯವಿಲ್ಲದ ಊರಿನಲ್ಲಿ, ಕಾರಿನ ರೇಡಿಯೊದಲ್ಲಿ ಬ್ಯಾಂಜೊ ಕೇಳಿ ಹಿಡಿದ ಹುಚ್ಚು ಅದು. ಟೆಲ್ಯುರೈಡಿಗೆ ಹೋಗಬೇಕೆಂಬ ಆಸೆಯನ್ನು ಹದಿನೆಂಟು ವರ್ಷ ಹೊತ್ತು ತಿರುಗಿದವನು.

ಬ್ಲೂಗ್ರಾಸನ್ನು ಬಯಲಿನಲ್ಲಿ, ಹಲವು ದಿನಗಳ ಉತ್ಸವವಾಗಿ ಕೇಳುವ ಪದ್ಧತಿ 1965ರ ಸೆಪ್ಟೆಂಬರ್ ಆರಂಭದಲ್ಲಿ ವರ್ಜೀನಿಯಾದ ಫಿನ್‌ಕ್ಯಾಸಲ್ ಬಳಿಯ ಒಂದು ಕುದುರೆ ಫಾರ್ಮಿನಲ್ಲಿ ಶುರುವಾಯಿತು. ಏರ್ಪಡಿಸಿದವರು ಕಾರ್ಲ್‌ಟನ್ ಹೇನಿ. ಟೆಲ್ಯುರೈಡ್ ಆ ಪರಂಪರೆಯದೇ ಆದರೂ ಅಲ್ಲಿಯ ಕಿವಿ ಸ್ವಲ್ಪ ಸಡಿಲ. ಹಳೆಯ ವಾದ್ಯಗಳಲ್ಲಿ ರಾಕ್, ಜಾಜ್ ಎಲ್ಲವನ್ನೂ ನುಡಿಸುವ 'ನ್ಯೂಗ್ರಾಸ್' ಬೆಳೆದ ನೆಲ ಅದು. ಮ್ಯಾಂಡೊಲಿನ್ ವಾದಕ ಸ್ಯಾಮ್ ಬುಷ್ 1975ರಿಂದ ಅಲ್ಲಿಗೆ ಬರುತ್ತಿದ್ದಾರೆ, ಜನ ಅವರನ್ನು 'ಟೆಲ್ಯುರೈಡಿನ ರಾಜ' ಎಂದೇ ಕರೆಯುತ್ತಾರೆ. ಅವರ ತಂಡದ ಕಛೇರಿ ಸಾಮಾನ್ಯವಾಗಿ ಶನಿವಾರ ರಾತ್ರಿ. ಈ ಒಂದು ಸಾಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಹಠವೆಲ್ಲ ಹುಟ್ಟಿದ್ದು ಈ ಶನಿವಾರದ ಸಲುವಾಗಿ.

ನಾಲ್ಕು ದಿನಗಳ ಪಾಸು ಸಾಮಾನ್ಯವಾಗಿ ಹಿಂದಿನ ವರ್ಷದ ಡಿಸೆಂಬರಿನಲ್ಲೇ ಮಾರಾಟಕ್ಕೆ ಬರುತ್ತದೆ, ಬೇಗ ಮುಗಿಯುತ್ತದೆ. ವಿಮಾನದಲ್ಲಿ ಬರುವವರಿಗೆ ಅನುಕೂಲದ ನಿಲ್ದಾಣ ಮಾಂಟ್ರೋಸ್. ಅಲ್ಲಿಂದ ಟೆಲ್ಯುರೈಡಿಗೆ ಸುಮಾರು 65 ಮೈಲಿ, ವ್ಯಾನುಗಳಿವೆ. ಹ್ಯೂಸ್ಟನ್ ಸಮುದ್ರಮಟ್ಟಕ್ಕಿಂತ ನೂರಡಿಯೂ ಮೇಲಿಲ್ಲದ ಊರು. ಮಾಂಟ್ರೋಸ್ 5,800 ಅಡಿ. ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ, ಮಾಂಟ್ರೋಸಿನಲ್ಲೋ ಡೆನ್ವರಿನಲ್ಲೋ ಮಲಗಿ ಮೇಲೆ ಹೋಗುವುದು ಸರಿಯಾದ ಕ್ರಮ. ಈ ಲೇಖಕ ಬುಧವಾರ ಬೆಳಿಗ್ಗೆ ಹ್ಯೂಸ್ಟನ್ ಬಿಟ್ಟು, ಸಂಜೆಗೆ ಬೆಟ್ಟದ ಮೇಲಿದ್ದ. ಕಚೇರಿಯ ಒಂದು ದಿನದ ರಜೆ ಉಳಿಸಿದ ಸಮಾಧಾನ ಬೇರೆ.

ಉಳಿಯುವ ಜಾಗದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಜವಾದ ತಪ್ಪು ನಡೆದದ್ದು ಅಲ್ಲಿ. ಉತ್ಸವದ ವಾರ ಊರೊಳಗಿನ ಕೋಣೆಗಳಿಗೆ ಕೈಗೆಟುಕದ ಬಾಡಿಗೆ. ಆದ್ದರಿಂದ ಬಹಳ ಜನ ಪಕ್ಕದ ಬೆಟ್ಟದ ಮೇಲಿನ ಮೌಂಟನ್ ವಿಲೇಜ್ ಎಂಬ ಊರಿನಲ್ಲಿ ಇಳಿದುಕೊಳ್ಳುತ್ತಾರೆ. ಎರಡೂ ಊರುಗಳ ನಡುವೆ 1996ರಿಂದ ತೂಗುಪೆಟ್ಟಿಗೆಗಳ ಗಾಂಡೊಲ ಓಡುತ್ತದೆ. ಹದಿಮೂರು ನಿಮಿಷದ ದಾರಿ, ಟಿಕೆಟ್ಟಿಲ್ಲ, ಕಣ್ಣು ತುಂಬುವ ನೋಟ. ಆದರೆ ಮೌಂಟನ್ ವಿಲೇಜಿನ ಎತ್ತರ 9,545 ಅಡಿ, ಅಂದರೆ 2,909 ಮೀಟರ್. ಗಾಂಡೊಲ ದಾಟುವ ಏಣು 10,500 ಅಡಿ ಮೀರುತ್ತದೆ. ಎತ್ತರದ ಕಾಯಿಲೆಯ ಮಟ್ಟಿಗೆ ಹಗಲಲ್ಲಿ ಎಷ್ಟು ಮೇಲೆ ಓಡಾಡಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ಕೆಳಗಿನಿಂದ ಬಂದವರು ಒಂದೇ ದಿನದಲ್ಲಿ 2,800 ಮೀಟರಿಗಿಂತ ಮೇಲೆ ಹೋಗಿ ಮಲಗುವುದನ್ನು ಪರ್ವತ ವೈದ್ಯರು ಅಪಾಯದ ಲೆಕ್ಕಕ್ಕೆ ಸೇರಿಸುತ್ತಾರೆ.

ಈ ಲೇಖಕ ಇಳಿದುಕೊಂಡದ್ದೂ ಮೌಂಟನ್ ವಿಲೇಜಿನ ಒಂದು ಬಾಡಿಗೆ ಮನೆಯಲ್ಲೇ. ಜೊತೆಗೆ ಬಂದಿದ್ದ ಭಾವಮೈದುನ, ಹೆಂಡತಿಯ ತಮ್ಮ, ಆ ಮನೆಯನ್ನು ಹುಡುಕಿದವನು. ಅಲ್ಲಿ ಎತ್ತರ ಹೆಚ್ಚಲ್ಲವೇ ಎಂದು ಮನೆ ಬಾಡಿಗೆಗೆ ಕೊಡಿಸುವ ಏಜೆಂಟನ್ನು ಕೇಳಿದ್ದಕ್ಕೆ, ಕೆಳಗಿನ ಊರಿಗಿಂತ ಬರೀ ಎಂಟುನೂರು ಅಡಿ ವ್ಯತ್ಯಾಸ, ಯಾರಿಗೂ ಏನೂ ಆಗಿಲ್ಲ ಎಂಬ ಉತ್ತರ ಬಂತು. ಪ್ರತಿ ವರ್ಷ ನೂರಾರು ಜನರನ್ನು ಅಲ್ಲಿಗೆ ಹತ್ತಿಸುವ ಮನುಷ್ಯ ಹೇಳಬಾರದ ಮಾತು ಅದು. ಇಷ್ಟು ಕಾಲ ಕಳೆದರೂ ಆ ಮಾತಿನ ಮೇಲಿನ ಸಿಟ್ಟು ಆರಿಲ್ಲ. ಭಾವಮೈದುನ "ಒಂದು ರಾತ್ರಿಗೆ ಇನ್ನೂರು ಡಾಲರ್ ಉಳಿಯುತ್ತೆ ಭಾವ, ಮೇಲಿಂದ ಗಾಂಡೊಲ ಪುಕ್ಕಟೆ" ಎಂದ. ಅವನ ಲೆಕ್ಕ ದುಡ್ಡಿನದು. ಲೇಖಕನ ಲೆಕ್ಕ ಇನ್ನೂ ಬಾಲಿಶ. ಅವನು ಶಿರಸಿ ಸೀಮೆಯವನು, ಹುಡುಗನಾಗಿದ್ದಾಗ ರಾತ್ರಿಯಿಡೀ ಇಬ್ಬನಿಯಲ್ಲಿ ಕೂತು ಬಯಲಾಟ ನೋಡಿದವನು. ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ದೊಡ್ಡಬೆಟ್ಟ ಹತ್ತಿದಾಗ ಇಬ್ಬರಿಗೂ ಏನೂ ಆಗಿರಲಿಲ್ಲ. ಇದು ಅದರಷ್ಟೇ ಎತ್ತರ ತಾನೇ ಎಂದು ವಾದಿಸಿದ. ದೊಡ್ಡಬೆಟ್ಟದ ಮೇಲೆ ಅವರಿದ್ದದ್ದು ಅರ್ಧ ಗಂಟೆ. ಸುಟ್ಟ ಜೋಳ ತಿಂದು ಇಳಿದಿದ್ದರು. ಅಲ್ಲಿ ಮಲಗಿರಲಿಲ್ಲ ಎಂಬುದು ಹೊಳೆಯಲಿಲ್ಲ.

ಟೌನ್ ಪಾರ್ಕಿನಲ್ಲಿ ಜಾಗ ಹಿಡಿಯುವ ಕ್ರಮ ಬೇರೆಲ್ಲೂ ಕಾಣದಂಥದ್ದು. ಪಾಸಿನ ಮೇಲೆ ಆಸನದ ಸಂಖ್ಯೆಯಿಲ್ಲ. ಕೇಳುಗರು ಟಾರ್ಪಾಲು ತರುತ್ತಾರೆ. ನಮ್ಮ ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವಂತೆ, ಹುಲ್ಲಿನ ಮೇಲೆ ಅದನ್ನು ಹಾಸಿದರೆ ಆ ದಿನಕ್ಕೆ ಆ ಜಾಗ ಅವರದು. ಮುಂದಿನ ಜಾಗಕ್ಕಾಗಿ ನಸುಕಿಗೆ ಮೊದಲೇ, ಕೆಲವರು ಹಿಂದಿನ ರಾತ್ರಿಯಿಂದಲೇ, ಸರದಿಯಲ್ಲಿ ಕೂರುತ್ತಾರೆ. ಸರದಿಗೆ ಸಂಖ್ಯೆಯ ಚೀಟಿ ಕೊಡುತ್ತಾರೆ; ಬೆಳಿಗ್ಗೆ ಬಾಗಿಲು ತೆರೆದೊಡನೆ ಟಾರ್ಪಾಲು ಬಗಲಲ್ಲಿಟ್ಟುಕೊಂಡು ಓಡುವುದೇ ಒಂದು ಉತ್ಸವ. ಹಾಸಿದವರು ಎದ್ದುಹೋಗಿದ್ದಾಗ ಬೇರೆಯವರು ಆ ಟಾರ್ಪಾಲಿನ ಮೇಲೆ ಕೂರಬಹುದು, ಒಡೆಯರು ಬಂದಾಗ ಏಳಬೇಕು: ಇದು ಅಲ್ಲಿಯ ಒಳ್ಳೆಯ ರೂಢಿ. ಕುರ್ಚಿ ತರುವುದಾದರೆ ನೆಲಕ್ಕೆ ಹತ್ತಿದಂತಿರುವ ಕುಳ್ಳ ಕುರ್ಚಿಯೇ ಇರಬೇಕು. ಗಾಜಿನ ಬಾಟಲಿ, ಹೊರಗಿನ ಮದ್ಯ, ನಾಯಿ ಒಳಗೆ ಬರುವಂತಿಲ್ಲ.

ಮುಂದಿನ ಸಾಲಿಗಾಗಿ ಇಷ್ಟು ಪಾಡುಪಡುವುದರಲ್ಲಿ ಸಂಗೀತದ ದೃಷ್ಟಿಯಿಂದ ಏನೂ ಲಾಭವಿಲ್ಲ. ಬಯಲಿನಲ್ಲಿ ಧ್ವನಿಪೆಟ್ಟಿಗೆಗಳನ್ನು ವೇದಿಕೆಯ ಎರಡೂ ಬದಿಗೆ ಎತ್ತರದಲ್ಲಿ ತೂಗುಹಾಕಿ, ಬಯಲಿನ ನಡುಭಾಗದತ್ತ ತಿರುಗಿಸಿರುತ್ತಾರೆ. ಧ್ವನಿ ಹೊಂದಿಸುವ ತಂತ್ರಜ್ಞ ಕೂರುವುದು ಜನರ ನಡುವಿನ ಒಂದು ಗುಡಾರದಲ್ಲಿ. ಅವನ ಕಿವಿಗೆ ಸರಿಯೆನಿಸುವಂತೆ ಎಲ್ಲವನ್ನೂ ಹೊಂದಿಸಿರುತ್ತಾನೆ. ಆ ಗುಡಾರದ ಅಕ್ಕಪಕ್ಕ ಬ್ಯಾಂಜೊ, ಮ್ಯಾಂಡೊಲಿನ್, ಗಂಟಲು ಎಲ್ಲ ಬಿಡಿಬಿಡಿಯಾಗಿಯೂ ಕೂಡಿಯೂ ಕೇಳುತ್ತವೆ. ವೇದಿಕೆಯ ಬುಡದಲ್ಲಿ ಕೂತವರಿಗೆ ಬಾಸ್ ಎದೆಗೆ ಗುದ್ದುತ್ತದೆ, ಹಾಡು ತಲೆಯ ಮೇಲೆ ಹಾದುಹೋಗುತ್ತದೆ. ಗಾಳಿ ಬೀಸಿದಾಗ ಬ್ಯಾಂಜೊದಂಥ ಹರಿತ ಸ್ವರಗಳು ದೂರದವರಿಗೆ ಅಲೆಅಲೆಯಾಗಿ ಬಂದು ಹೋಗುವುದು ನಿಜ, ಆದರೆ ನಡುಭಾಗಕ್ಕೆ ಆ ತೊಂದರೆ ಕಡಿಮೆ. ಇದನ್ನು ಲೇಖಕ ಕಂಡುಕೊಂಡದ್ದು ಗುರುವಾರ ಮಧ್ಯಾಹ್ನ, ನೀರು ತುಂಬಿಸಿಕೊಳ್ಳಲು ಹಿಂದೆ ಹೋದಾಗ. ಗೊತ್ತಾದ ಮೇಲೂ ಶುಕ್ರವಾರ ನಸುಕಿನಲ್ಲಿ ಮತ್ತೆ ಸರದಿಯಲ್ಲಿ ನಿಂತ. ಸ್ಯಾಮ್ ಬುಷ್ ಅವರ ಬೆರಳನ್ನು ಹತ್ತಿರದಿಂದ ನೋಡಬೇಕು, ಅದಕ್ಕೆ ಸರದಿಯ ಪಟ್ಟು ಎರಡು ದಿನ ಮೊದಲೇ ಕಲಿತಿರಬೇಕು ಎಂಬುದು ಅವನ ಸಮರ್ಥನೆ.

ಆ ಎತ್ತರದ ಬಯಲಿನಲ್ಲಿ ಒಂದೇ ದಿನ ಮೂರು ಕಾಲಗಳನ್ನು ಕಾಣಬಹುದು. ನಸುಕಿನಲ್ಲಿ ನಾಲ್ಕೈದು ಡಿಗ್ರಿ ಸೆಲ್ಸಿಯಸ್ ಚಳಿ. ಹಗಲು ಇಪ್ಪತ್ತು ದಾಟಿದರೂ ಸೆಕೆಯಿಲ್ಲ, ಆದರೆ ಬಿಸಿಲು ಚರ್ಮ ಸುಡುತ್ತದೆ. ಸಾವಿರ ಮೀಟರ್ ಮೇಲೇರಿದಂತೆಲ್ಲ ಅತಿನೇರಳೆ ಕಿರಣ ಹೆಚ್ಚುಕಡಿಮೆ ಶೇಕಡ ಹತ್ತರಷ್ಟು ಏರುತ್ತದೆ. ಮಧ್ಯಾಹ್ನ ಮೋಡ ಕಟ್ಟಿದರೆ ಗುಡುಗು, ಕೆಲವೊಮ್ಮೆ ಆಲಿಕಲ್ಲು. ಗುರುವಾರ ನಾಲ್ಕು ಗಂಟೆಗೆ ಬಂದ ಮಳೆ ಇಪ್ಪತ್ತು ನಿಮಿಷದಲ್ಲಿ ನಿಂತಿತು. ಒದ್ದೆಯಾದ ಹತ್ತಿಬಟ್ಟೆ ಮಾತ್ರ ರಾತ್ರಿಯವರೆಗೂ ಆರಲಿಲ್ಲ, ಏಕೆಂದರೆ ಸೂರ್ಯ ಬಂಡೆಗೋಡೆಯ ಹಿಂದೆ ಸರಿದ ಕ್ಷಣದಿಂದ ಮತ್ತೆ ಚಳಿ. ಉಣ್ಣೆಯ ಒಳಂಗಿ, ನೀರು ಹಿಡಿಯದ ಮೇಲಂಗಿ, ಅಗಲ ಅಂಚಿನ ಟೊಪ್ಪಿಗೆ, ಕಾಲಿಗೆ ಒಂದು ಜೊತೆ ಹೆಚ್ಚಿನ ಕಾಲುಚೀಲ ಇಷ್ಟು ಬೇಕು. ವಾದ್ಯಗಾರರಿಗೂ ಇದರ ಕಾಟ ತಪ್ಪಿದ್ದಲ್ಲ. ಬಿಸಿಲು ಹೋಗಿ ಚಳಿ ಬಿದ್ದಾಗ ತಂತಿಗಳು ಶ್ರುತಿ ತಪ್ಪುತ್ತವೆ. ಎರಡು ಹಾಡುಗಳ ನಡುವೆ ಇಡೀ ತಂಡ ತಲೆ ತಗ್ಗಿಸಿ ಶ್ರುತಿ ಮಾಡಿಕೊಳ್ಳುವಾಗ ಬಯಲಿಗೆ ಬಯಲೇ ಸುಮ್ಮನಾಗುತ್ತದೆ. ಆ ಮೌನ ಕೇಳುವುದಕ್ಕೂ ಹೋಗಿ ಬರಬಹುದಾದ ಜಾಗ ಅದು.

ಎತ್ತರದ ಕಾಯಿಲೆ ಸಾಮಾನ್ಯವಾಗಿ ತಲುಪಿದ ಆರರಿಂದ ಹನ್ನೆರಡು ಗಂಟೆಯೊಳಗೆ ತಲೆನೋವಾಗಿ ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಹಸಿವಿಲ್ಲದಿರುವುದು, ಸುಸ್ತು, ತಲೆಸುತ್ತು, ನಿದ್ದೆಗೇಡು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ತಾನೇ ಇಳಿಯುತ್ತದೆ. ಮೈಯಲ್ಲಿ ಶಕ್ತಿಯಿದ್ದವರಿಗೆ ಬರುವುದಿಲ್ಲ ಎಂಬುದು ತಪ್ಪು ಕಲ್ಪನೆ, ಓಟಗಾರರಿಗೂ ಬರುತ್ತದೆ. ಲೇಖಕನ ಹೆಂಡತಿಗೆ ಗುರುವಾರ ನಸುಕಿನಲ್ಲೇ ತಲೆನೋವಿತ್ತು. ಸರದಿಯಲ್ಲಿ ಮೂರು ಗಂಟೆ ಕೂತಳು. ಮಧ್ಯಾಹ್ನ ಊಟ ಬೇಡವೆಂದಳು. ಶುಕ್ರವಾರ ಒಣಕೆಮ್ಮು ಬಂತು, ಬಯಲಿನ ಸಣ್ಣ ದಿಣ್ಣೆ ಹತ್ತಲು ಎರಡು ಸಲ ನಿಂತಳು. ಮಳೆಯಲ್ಲಿ ನೆನೆದದ್ದಕ್ಕೆ ಶೀತ ಎಂದು ಲೇಖಕ ತೀರ್ಮಾನಿಸಿದ. "ನೀರು ಜಾಸ್ತಿ ಕುಡಿ ಅಕ್ಕ, ಸರಿಹೋಗುತ್ತೆ" ಎಂದು ಭಾವಮೈದುನ. ನೀರು ಬೇಕು ನಿಜ, ಆದರೆ ನೀರು ಆಮ್ಲಜನಕವಲ್ಲ. ಆಕೆ ಬಾಯಿಬಿಟ್ಟು ಮನೆಗೆ ಹೋಗೋಣ ಎನ್ನಲಿಲ್ಲ. ಹದಿನೆಂಟು ವರ್ಷದ ಆಸೆಯನ್ನು ಕೆಡಿಸಬಾರದೆಂದು ಸುಮ್ಮನಿದ್ದೆ ಎಂದು ಆಮೇಲೆ ಹೇಳಿದಳು. ಜೊತೆಯಲ್ಲಿ ಬಂದವರು ಹೀಗೆ ಸುಮ್ಮನಾಗಿಬಿಡುತ್ತಾರೆ. ಆದ್ದರಿಂದ ಕೇಳುವ ಕೆಲಸ ಆಸೆ ಹೊತ್ತವರದು.

ಶುಕ್ರವಾರ ರಾತ್ರಿ ಹನ್ನೊಂದರ ಹೊತ್ತಿಗೆ ಮೂವರೂ ಗಾಂಡೊಲ ಹತ್ತಿದರು. ಪೆಟ್ಟಿಗೆ ಏಣಿನ ಕಡೆಗೆ ಏರುತ್ತಿದ್ದಾಗ ಆಕೆ ಗಂಡನ ಭುಜಕ್ಕೆ ತಲೆಯಿಟ್ಟು ಏನೋ ಹೇಳಹೊರಟಳು. ಒಂದು ವಾಕ್ಯಕ್ಕೆ ಮೂರು ಸಲ ಉಸಿರು ತೆಗೆದುಕೊಂಡಳು. ಇಳಿದು ಮನೆಗೆ ನಡೆಯುವ ಇನ್ನೂರು ಹೆಜ್ಜೆಯಲ್ಲಿ ನಾಲ್ಕು ಕಡೆ ನಿಂತಳು. ಲೇಖಕನ ಎರಡೂ ಕೈಯಲ್ಲಿ ಕುರ್ಚಿಗಳಿದ್ದವು. "ನಾಳೆ ನೀನು ಮಲಗಿರು, ಸರದಿಗೆ ನಾನೊಬ್ಬನೇ ಹೋಗ್ತೀನಿ" ಎಂದದ್ದನ್ನು ಅವನು ಆಗ ದೊಡ್ಡ ತ್ಯಾಗವೆಂದು ತಿಳಿದ. ಮೂರೂವರೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟು ಮಲಗಿದ.

ಎಚ್ಚರವಾದದ್ದು ಎರಡೂ ಮುಕ್ಕಾಲಿಗೆ, ಒಂದು ಸದ್ದಿಗೆ. ಮಡಕೆಯ ತಳದಲ್ಲಿ ನೀರು ಗುಳುಗುಳು ಎಂದಂಥ ಸದ್ದು. ಹಾಸಿಗೆಯಲ್ಲಿ ಆಕೆ ಇರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡು ಅಂಗೈಯನ್ನೂ ಮೊಣಕಾಲಿಗೆ ಊರಿ ಕೂತಿದ್ದಳು. ಸದ್ದು ಆಕೆಯ ಎದೆಯಿಂದ ಬರುತ್ತಿತ್ತು. "ರೀ, ಮಲಗಿದ್ರೆ ಉಸಿರು ಸಿಗ್ತಿಲ್ಲ" ಎಂದಳು, ಒಂದೊಂದೇ ಪದವಾಗಿ. ದೀಪ ಹಾಕಿದಾಗ ತುಟಿ ನೇರಳೆಹಣ್ಣು ತಿಂದವರ ತುಟಿಯಂತಿತ್ತು. ಲೇಖಕ ಮೊದಲು ಮಾಡಿದ್ದು ಕಿಟಕಿ ತೆಗೆದದ್ದು, ಗಾಳಿ ಬೇಕೆಂದು. ಒಳಗೆ ನುಗ್ಗಿದ್ದು ಹಿಮದ ಚಳಿ. ಕೆಮ್ಮು ಇಮ್ಮಡಿಯಾಯಿತು. ಭಾವಮೈದುನ ಎದ್ದು ಬಂದು ಹಬೆ ಕೊಡೋಣ ಎಂದು ಒಲೆಯ ಮೇಲೆ ನೀರಿಟ್ಟ. ಇಬ್ಬರು ಓದಿದ ಗಂಡಸರು, ಒಬ್ಬ ಎಂಜಿನಿಯರ್, ಒಬ್ಬ ಲೆಕ್ಕಪರಿಶೋಧಕ, ನೀರು ಕುದಿಯುವುದನ್ನು ಕಾಯುತ್ತ ಹತ್ತು ನಿಮಿಷ ಕಳೆದರು. ಆಕೆ ಕೆಮ್ಮಿ ಒರೆಸಿಕೊಂಡ ಕಾಗದದಲ್ಲಿ ತೆಳು ಗುಲಾಬಿ ಬಣ್ಣದ ನೊರೆ ಕಂಡಾಗ ಲೇಖಕ 911ಕ್ಕೆ ಫೋನು ಮಾಡಿದ. ವಿಳಾಸ ಕೇಳಿದರೆ ಮನೆಯ ನಂಬರು ಬಾಯಿಗೆ ಬರಲಿಲ್ಲ; ಬಾಗಿಲು ತೆಗೆದು ಹೊರಗೆ ಓಡಿ ಗೋಡೆ ನೋಡಿ ಹೇಳಬೇಕಾಯಿತು.

ಆಂಬುಲೆನ್ಸಿನವರು ಬಂದು ಬೆರಳಿಗೆ ಆಕ್ಸಿಮೀಟರ್ ಹಾಕಿದರು. 71. ಆ ಎತ್ತರದಲ್ಲಿ ಆರೋಗ್ಯವಂತರಿಗೆ ತೊಂಬತ್ತರ ಆಸುಪಾಸು ಇರಬೇಕಾದದ್ದು. ಮುಖಕ್ಕೆ ಆಮ್ಲಜನಕದ ಮುಖವಾಡ ಕಟ್ಟಿ ಕೆಳಗಿನ ಊರಿನ ಚಿಕಿತ್ಸಾಲಯಕ್ಕೆ ಇಳಿಸಿದರು. ಹದಿನೈದು ನಿಮಿಷದಲ್ಲಿ ಅಂಕಿ 88ಕ್ಕೆ ಏರಿತು, ತುಟಿಗೆ ಬಣ್ಣ ಮರಳಿತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತುಂಬ ಹಿಂಜಿದ ಹತ್ತಿಯಂಥ ಬಿಳಿ ಮಚ್ಚೆ. ವೈದ್ಯೆ ಕೇಳಿದ ಮೊದಲ ಪ್ರಶ್ನೆ ಎರಡೇ ಪದದ್ದು: ಮಲಗಿದ್ದು ಎಲ್ಲಿ? ಉತ್ತರ ಕೇಳಿ ಅವರು ಏನೂ ಅನ್ನಲಿಲ್ಲ, ಬರೆದುಕೊಂಡರು. ಅದೇ ಹೊತ್ತಿಗೆ ಲೇಖಕನ ಜೇಬಿನಲ್ಲಿ ಅಲಾರಂ ಹೊಡೆದುಕೊಂಡಿತು. ಮೂರೂವರೆ, ಸರದಿಗೆ ಹೋಗುವ ಹೊತ್ತು. ಅದನ್ನು ಆರಿಸಲು ಬೆರಳು ನೆಟ್ಟಗಾಗದೆ ಎರಡು ಮೂರು ಸಲ ತಪ್ಪಿತು. ಮುಖವಾಡದ ಒಳಗಿನಿಂದ ಹೆಂಡತಿ ಅವನನ್ನೇ ನೋಡುತ್ತಿದ್ದಳು.

ಆಕೆಗೆ ಆದದ್ದಕ್ಕೆ ವೈದ್ಯರು ಹೇಪ್ ಎನ್ನುತ್ತಾರೆ. ಎತ್ತರದಿಂದಾಗಿ ಶ್ವಾಸಕೋಶದಲ್ಲಿ ನೀರು ತುಂಬುವುದು ಎಂದರ್ಥ. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ಎಲ್ಲೆಡೆ ಒಂದೇ ಸಮನಾಗಿ ಅಲ್ಲ. ಬಿಗಿಯದೆ ಉಳಿದ ನಾಳಗಳಿಗೆ ರಕ್ತ ಒತ್ತಡದಿಂದ ನುಗ್ಗಿ, ನೀರಿನಂಶ ಗಾಳಿಚೀಲಗಳೊಳಗೆ ಸೋರುತ್ತದೆ. ಇದು ಮೊದಲ ರಾತ್ರಿ ಬರುವುದು ಅಪರೂಪ. ಎರಡರಿಂದ ನಾಲ್ಕನೆಯ ದಿನದೊಳಗೆ ಬರುವುದೇ ಹೆಚ್ಚು, ಅದೂ ರಾತ್ರಿಯ ಹೊತ್ತು. ಚಳಿ ಮತ್ತು ದಣಿವು ಅದನ್ನು ಉಲ್ಬಣಗೊಳಿಸುತ್ತವೆ. ನಸುಕಿನ ಸರದಿ ಎರಡನ್ನೂ ಕೊಟ್ಟಿತ್ತು. ಸುಮ್ಮನೆ ಕೂತಾಗಲೂ ಏದುಸಿರು, ಮಲಗಲಾಗದಿರುವುದು, ಬಿಡದ ಕೆಮ್ಮು ಇವು ಗುರುತುಗಳು. ಇನ್ನೊಂದು ಬಗೆಯಲ್ಲಿ ಮಿದುಳು ಬಾತುಕೊಳ್ಳುತ್ತದೆ. ಅದಕ್ಕೆ ಗುರುತು ಕುಡಿದವರಂತೆ ನಡಿಗೆ ತಪ್ಪುವುದು, ಮಾತು ಗೊಂದಲವಾಗುವುದು. ನೆಲದ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದರೆ ತಿಳಿದುಬಿಡುತ್ತದೆ. ಎರಡರಲ್ಲೂ ಮುಖ್ಯ ಮದ್ದು ಆಮ್ಲಜನಕ ಮತ್ತು ಕೆಳಗಿಳಿಯುವುದು. ತಡಮಾಡಿದರೆ ಜೀವಕ್ಕೇ ಸಂಚಕಾರ.

ಟೆಲ್ಯುರೈಡಿನಿಂದ ಕೆಳಗಿಳಿಯುವುದೆಂದರೆ ನಡುದಾರಿಯಲ್ಲಿ ಮತ್ತೆ ಮೇಲೇರುವುದು. ನಕಾಶೆಯಲ್ಲಿ ಕಾಣದ ಸಂಗತಿ ಇದು. ಸ್ಯಾನ್ ಮಿಗೆಲ್ ಹೊಳೆಯ ಗುಂಟ ಪ್ಲೇಸರ್‌ವಿಲ್ ತನಕ ರಸ್ತೆ 7,300 ಅಡಿಗೆ ಇಳಿಯುತ್ತದೆ. ಅಲ್ಲಿಂದ ಮಾಂಟ್ರೋಸ್ ಕಡೆಗೆ ಹೋಗಬೇಕಾದರೆ ಡ್ಯಾಲಸ್ ಡಿವೈಡ್ ಎಂಬ 8,970 ಅಡಿಯ ಕಣಿವೆಬಾಯಿ ದಾಟಲೇಬೇಕು. ಬೆಳಕು ಹರಿಯುವ ಹೊತ್ತಿಗೆ ಆಂಬುಲೆನ್ಸ್ ಅದನ್ನು ಹತ್ತಿತು. ಬಲಗಡೆ ಸ್ನೆಫೆಲ್ಸ್ ಶಿಖರಗಳ ಹಿಮಕ್ಕೆ ಮೊದಲ ಬಿಸಿಲು ಬಿದ್ದಿತ್ತು. ಲೇಖಕನ ಕಣ್ಣು ಸಿಲಿಂಡರಿನ ಮುಳ್ಳಿನ ಮೇಲೆ. ರಿಜ್‌ವೇ ದಾಟಿ ಬಯಲಿಗೆ ಬಂದಾಗ ಆಕೆ ನಿದ್ದೆಹೋಗಿದ್ದಳು, ಎರಡು ರಾತ್ರಿಯ ಮೇಲೆ ಮೊದಲ ಸಲ, ಅಂಗಾತ.

ಮಾಂಟ್ರೋಸಿನ ಆಸ್ಪತ್ರೆಯಲ್ಲಿ ಒಂದೂವರೆ ದಿನ ಇರಬೇಕಾಯಿತು. ಶನಿವಾರ ರಾತ್ರಿ ಸ್ಯಾಮ್ ಬುಷ್ ಕಛೇರಿ ಟೆಲ್ಯುರೈಡಿನ ಸಮುದಾಯ ಬಾನುಲಿ ಕೋಟೊದಲ್ಲಿ ನೇರ ಬಂತು; ಉತ್ಸವದ ಪ್ರಸಾರವನ್ನು ಈ ಪುಟ್ಟ ಕೇಂದ್ರ ತನ್ನ ಹಬ್ಬದಂತೆ ನಡೆಸುತ್ತದೆ. ಹೆಂಡತಿಯೇ ಹಾಕಿ ಎಂದಳು. ಮೊಬೈಲಿನ ಸಣ್ಣ ಸದ್ದಿನಲ್ಲಿ ಮ್ಯಾಂಡೊಲಿನ್ನಿನ ಎದುರುಪೆಟ್ಟು ಚೆನ್ನಾಗಿಯೇ ಕೇಳುತ್ತಿತ್ತು.

ಬಿಡುಗಡೆಯ ಹೊತ್ತಿಗೆ ತಿಳಿದ ಕೆಲವು ವಿಷಯಗಳಿವೆ. ವಿಮಾನದ ಒಳಗಿನ ಒತ್ತಡವನ್ನು ಸಮುದ್ರಮಟ್ಟದಂತೆ ಇಟ್ಟಿರುವುದಿಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದಷ್ಟಿರುತ್ತದೆ. ಹೇಪ್ ಆದವರು ಆಮ್ಲಜನಕವಿಲ್ಲದೆ ಅಂಕಿ ಸರಿಯಾಗಿ ನಿಲ್ಲುವವರೆಗೆ ವಿಮಾನ ಹತ್ತಬಾರದು. ದಂಪತಿ ಬುಧವಾರದವರೆಗೆ ಕಾದರು. ಒಮ್ಮೆ ಹೇಪ್ ಆದವರಿಗೆ ಮತ್ತೆ ಎತ್ತರಕ್ಕೆ ಹೋದರೆ ಮರಳುವ ಸಂಭವ ಹೆಚ್ಚು. ಸಾಮಾನ್ಯ ಎತ್ತರದ ಕಾಯಿಲೆಯನ್ನು ತಡೆಯಲು ಅಸೆಟಜೋಲಮೈಡ್ ಎಂಬ ಮಾತ್ರೆಯಿದೆ, ಹತ್ತುವ ಹಿಂದಿನ ದಿನವೇ ಶುರುಮಾಡುವಂಥದ್ದು. ಬೆರಳು ಜುಮುಗುಟ್ಟುತ್ತದೆ, ಮೂತ್ರ ಹೆಚ್ಚುತ್ತದೆ. ಸಲ್ಫಾ ಔಷಧಿ ಒಗ್ಗದವರು ಮೊದಲೇ ವೈದ್ಯರಿಗೆ ಹೇಳಬೇಕು. ಹೇಪ್ ಹಿಂದೆ ಆದವರಿಗೆ ಬೇರೆ ಮಾತ್ರೆ. ಮೊದಲ ಎರಡು ರಾತ್ರಿ ಮದ್ಯ, ನಿದ್ದೆಮಾತ್ರೆ ಕೂಡದು. ಆಕ್ಸಿಮೀಟರ್ ಚೀಲದಲ್ಲಿರಲಿ, ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಹಾಕಬೇಕು. ಕೊರೊನಾ ಕಾಲದಲ್ಲಿ ಕೊಂಡದ್ದು ಈ ಲೇಖಕನ ಹ್ಯೂಸ್ಟನ್ ಮನೆಯ ಮೇಜಿನ ಖಾನೆಯಲ್ಲೇ ಉಳಿದಿತ್ತು.

ಎತ್ತರ ಒಗ್ಗದವರಿಗೆ ಬಯಲಿನ ಬ್ಲೂಗ್ರಾಸ್ ತಪ್ಪಿಹೋಗಬೇಕಾಗಿಲ್ಲ. ಕೊಲೊರಾಡೊದಲ್ಲೇ ಲಯನ್ಸ್ ಊರಿನ ಹೊಳೆದಂಡೆಯಲ್ಲಿ ಜುಲೈ ಕೊನೆಗೆ ನಡೆಯುವ ರಾಕಿಗ್ರಾಸ್ 5,400 ಅಡಿಯೊಳಗೆ. ಉತ್ತರ ಕೆರೊಲೈನಾದ ವಿಲ್ಕ್ಸ್‌ಬರೊದಲ್ಲಿ, ಅಂಧ ಗಿಟಾರ್ ವಾದಕ ಡಾಕ್ ವಾಟ್ಸನ್ ಅವರ ತೀರಿಕೊಂಡ ಮಗನ ನೆನಪಿನಲ್ಲಿ 1988ರಲ್ಲಿ ಆರಂಭವಾದ ಮೆರ್ಲ್‌ಫೆಸ್ಟ್ ಏಪ್ರಿಲ್ ಕೊನೆಯಲ್ಲಿ, ಸಾವಿರ ಅಡಿಯ ಆಸುಪಾಸು. ಬಿಲ್ ಮನ್ರೋ ಅವರದೇ ಜಾಗವಾಗಿದ್ದ ಇಂಡಿಯಾನಾದ ಬೀನ್ ಬ್ಲಾಸಮ್ಮಿನಲ್ಲಿ 1967ರಿಂದ ಉತ್ಸವವಿದೆ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನ 'ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್' 2001ರಲ್ಲಿ ವಾರನ್ ಹೆಲ್‌ಮನ್ ಎಂಬ ಬ್ಯಾಂಜೊ ಪ್ರೇಮಿ ಹಣಕಾಸುಗಾರರು ತಮ್ಮ ದುಡ್ಡಿನಿಂದ ಆರಂಭಿಸಿದ್ದು. ಅಕ್ಟೋಬರ್ ಆರಂಭದಲ್ಲಿ, ಸಮುದ್ರದ ಪಕ್ಕದಲ್ಲಿ, ಎಲ್ಲರಿಗೂ ಉಚಿತ. ಅಲ್ಲಿ ಹಗಲು ಬಿಸಿಲಿದ್ದರೂ ಸಂಜೆ ಸಮುದ್ರದ ಮಂಜು ಮರಗಳ ನಡುವೆ ಇಳಿಯುತ್ತದೆ, ಸ್ವೆಟರ್ ಬೇಕು. ಈ ವರ್ಷ ದಂಪತಿಗೆ ಅಲ್ಲಿಗೆ ವಿಮಾನದ ಟಿಕೆಟ್ಟಾಗಿದೆ. ಟಾರ್ಪಾಲನ್ನು ಎಲ್ಲಿ ಹಾಸಬೇಕೆಂಬುದು ಹೆಂಡತಿಗೆ ಬಿಟ್ಟದ್ದು. ಧ್ವನಿ ಗುಡಾರದ ಎಡಕ್ಕೆ, ಮರದ ಬುಡದಲ್ಲಿ ಎಂದು ಆಕೆ ಈಗಾಗಲೇ ಹೇಳಿಯಾಗಿದೆ.